ಅಕ್ಕಸಾಲಿಯ ಕೈಗೆ ನಾನು ಹಚ್ಚಿಸಿದ ಸುಣ್ಣ

ಭಾಷಣಕ್ಕೆ ಚಪ್ಪಾಳೆ ತಟ್ಟಿದವರಿಗೆಲ್ಲ ವಿಷಯ ತಿಳಿಯಿತೆಂದು ನೀವೂ ನಂಬುತ್ತೀರಾ? ನಾನು ನಂಬಿದ್ದೆ. ಕಾಲೇಜಿನ ಚರ್ಚಾಕೂಟಗಳ ಬಹುಮಾನಗಳು ನನ್ನನ್ನು ಅಷ್ಟರಮಟ್ಟಿಗೆ ಕೆಡಿಸಿದ್ದವು.

ಅರವತ್ತರ ದಶಕದ ಆರಂಭದಲ್ಲಿ ನಾನು ಯಲಹಂಕದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಭಾನುವಾರಗಳಂದು ಶಾಲೆಯ ಜಗಲಿಯಲ್ಲಿ ಊರವರಿಗೆ ಉಪನ್ಯಾಸ. ಅಜ್ಞಾನವನ್ನು ಒಂದೇ ಮಳೆಗಾಲದಲ್ಲಿ ತೊಲಗಿಸುವ ಹುಮ್ಮಸ್ಸು. ಆ ವಾರದ ವಿಷಯ ಆಮ್ಲ ಮತ್ತು ಕ್ಷಾರ. ಎರಡೂ ಸೇರಿದರೆ ಒಂದರ ಉಗ್ರತೆಯನ್ನು ಇನ್ನೊಂದು ಕಳೆದು, ಕೊನೆಗೆ ಲವಣವೂ ನೀರೂ ಉಳಿಯುತ್ತವೆ ಎಂದು ವಿವರಿಸಿದೆ. ಕೆಂಪಿರುವೆ ಕಚ್ಚಿದಲ್ಲಿ ಎಲೆಯಡಿಕೆಯ ಸುಣ್ಣ ಹಚ್ಚುವ ಅಜ್ಜಿಯರ ಜಾಣ್ಮೆಯನ್ನು ಹೊಗಳಿದೆ. ಆ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತದೆ ಎಂಬ ಮಾತನ್ನು ಮಾತ್ರ, ಭಾಷಣದ ಓಘ ಕೆಡುತ್ತದೆಂದು ಬಿಟ್ಟೆ.

ಹತ್ತು ದಿನವೂ ಕಳೆದಿರಲಿಲ್ಲ. ಉಪನ್ಯಾಸದಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಸಾಲಿಯೊಬ್ಬರು ಚಿನ್ನ ತೊಳೆಯುವ ಆಸಿಡ್ಡನ್ನು ಬಲಗೈ ಮೇಲೆ ಚೆಲ್ಲಿಕೊಂಡರೆಂದು ಸುದ್ದಿ ಬಂತು. ಓಡಿದೆ. ಕೈತುಂಬ ಸುಣ್ಣ ಮೆತ್ತಿಕೊಂಡು, ಹಲ್ಲು ಕಚ್ಚಿ ಕೂತಿದ್ದರು. ಪಕ್ಕದಲ್ಲಿ ತುಂಬಿದ ಬಿಂದಿಗೆ ಹಿಡಿದ ಹೆಂಡತಿ.

“ನೋಡಿ ಮೇಷ್ಟ್ರೇ, ನೀರು ಹುಯ್ಯಕ್ಕೆ ಬಂದ್ರೆ ತಳ್ತಾರೆ ಇವ್ರು!”

“ಸುಮ್ನಿರೇ,” ಎಂದರು ಅಕ್ಕಸಾಲಿ. “ಸುಣ್ಣ ಬಿದ್ರೆ ನೀರು ತಾನಾಗೇ ಬರತ್ತೆ ಅಂತ ಇವ್ರೇ ಹೇಳಿದ್ದು. ಬಿಂದಿಗೆ ನೀರು ಯಾಕೆ ದಂಡ?”

“ಮತ್ತೆ ಆ ಉರಿ?” ಎಂದೆ.

“ಕೆಲಸ ಮಾಡ್ತಾ ಇದೆ ಸಾರ್, ಅದಕ್ಕೇ ಉರೀತಿದೆ!”

ಚರ್ಚಾಕೂಟವಾಗಿದ್ದರೆ ಬಹುಮಾನ ಅವರಿಗೇ ಸಲ್ಲುತ್ತಿತ್ತು. ಬಿಂದಿಗೆ ಕಸಿದು ಸುರಿದೆ. ಆಕೆ ಮತ್ತೆ ಮತ್ತೆ ತುಂಬಿ ತಂದರು.

“ಅವತ್ತೊಂದು ಹೇಳಿ, ಇವತ್ತೊಂದು ಮಾಡ್ತೀರಲ್ಲ!” ಎಂದು ಅಕ್ಕಸಾಲಿ ಗೊಣಗಿದರೆ, ಆಕೆ, “ಭಾಷಣ ಮಾಡೋರ್ಗೂ ಕೇಳೋರ್ಗೂ ದೊಡ್ಡ ನಮಸ್ಕಾರ,” ಎಂದರು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಹೆಬ್ಬೆರಳು ಮೊದಲಿನಂತೆ ಬಾಗಲಿಲ್ಲ. ಮೂಗುತಿಗೆ ಹರಳು ಕೂರಿಸುವ ನಾಜೂಕಿನ ಕೆಲಸ ಅವರ ಕೈಬಿಟ್ಟುಹೋಯಿತು. ಅವರು ನನ್ನನ್ನು ದೂರಿದ್ದರೆ ಸಮಾಧಾನವಾಗುತ್ತಿತ್ತು. ಬದಲಿಗೆ, “ಸುಣ್ಣ ಸ್ವಲ್ಪ ಕಮ್ಮಿ ಆಯ್ತೇನೋ ಮೇಷ್ಟ್ರೇ,” ಎಂದರು. ತಲೆ ಚಚ್ಚಿಕೊಳ್ಳುವಂತಾಯಿತು.

ದಯವಿಟ್ಟು ಇಷ್ಟು ಮಾಡಿ: ಮೈಮೇಲೆ ಆಸಿಡ್ ಬಿದ್ದವರಿಗೆ ಸುಣ್ಣ, ಸೋಡಾ ಏನನ್ನೂ ಹಚ್ಚಬೇಡಿ. ತಡಮಾಡದೆ ತಣ್ಣೀರನ್ನು ಧಾರಾಳವಾಗಿ, ಬಹಳ ಹೊತ್ತು ಸುರಿದು, ವೈದ್ಯರ ಬಳಿಗೆ ಕರೆದೊಯ್ಯಿರಿ. ಇದನ್ನು ಇಂದೇ ನಿಮ್ಮ ಮನೆಯವರಿಗೆ ತಿಳಿಸಿ.