ಹಲಗೆಯ ಅಂಚು ಮತ್ತು ಆಚಾರ್ರ ಮೆಷಿನ್

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಲಂಬಕೋನದ ಪಾಠ ಮಾಡಿದ ನನಗೆ ಮರದಲ್ಲಿ ಒಂದೇ ಒಂದು ಲಂಬಕೋನ ಕೂಡಿಬಂದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಣಸೂರಿನ ನಮ್ಮ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ನನ್ನ ಮರಗೆಲಸ. ಅಲ್ಲಿ ತಯಾರಾದ ಸ್ಟೂಲಿನ ಮೇಲೆ ಕೂರುವ ಮುನ್ನ ನೆಂಟರು ನನ್ನ ಹೆಂಡತಿಯ ಮುಖ ನೋಡುತ್ತಾರೆ. ಸೀರೆಯ ಬೆಲೆ ಅಂಚಿನಲ್ಲಿ ಗೊತ್ತಾಗುತ್ತದಂತೆ, ಹಲಗೆಯದೂ ಹಾಗೆಯೇ. ನನ್ನ ಹಲಗೆಗಳ ಅಂಚು ಇಲಿ ಕಡಿದ ರೊಟ್ಟಿಯಂತಿರುತ್ತದೆ.

ಹಾಗಾಗಿ, ಹ್ಯಾಂಡ್‌ಪೋಸ್ಟ್ ಹತ್ತಿರದ ಬಡಗಿ ಮಹದೇವಾಚಾರ್ರು ತಮ್ಮ ಬೆಲ್ಟ್ ಸ್ಯಾಂಡರ್ ಮಾರುತ್ತಾರೆಂದು ಗೊತ್ತಾದ ಮರುದಿನವೇ ಬಸ್ಸು ಹತ್ತಿದೆ. ಹಲಗೆಯ ಅಂಚಿಗೆಂದೇ ಇರುವ ಮೆಷಿನ್ ಅದು. ಉಪ್ಪುಕಾಗದದ ಅಗಲವಾದ ಪಟ್ಟಿ ಎರಡು ಉರುಳೆಗಳ ಸುತ್ತ ಗೋಡೆಯಂತೆ ನೆಟ್ಟಗೆ ನಿಂತು ಓಡುತ್ತದೆ. ಹಲಗೆ ಒಡ್ಡಿದರೆ ಅಂಚು ನುಣ್ಣಗಾಗುತ್ತದೆ. ಬೆರಳು ಒಡ್ಡಿದರೆ ಬೆರಳೂ.

ಗೇಟಿನಲ್ಲೇ ಆಚಾರ್ರ ಹೆಂಡತಿ ಪುಟ್ಟಮ್ಮ ನನ್ನನ್ನು ತಡೆದರು. ಯಜಮಾನರಿಗೆ ಒಂದು ವರ್ಷದಿಂದ ಎಡಗೈ ನಡುಗುತ್ತಿದೆ, ಡಾಕ್ಟರು ಮೆಷಿನ್ ಮುಟ್ಟಬೇಡಿ ಅಂದಿದ್ದಾರೆ, ಮಾರುತ್ತಿರುವುದು ಅದಕ್ಕೇ, ಆದರೆ ಅವರು ಯಾರ ಹತ್ತಿರವೂ ಬಾಯಿಬಿಡುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

"ಅವ್ರ ಕೈಲಿ ಆನ್ ಮಾಡುಸ್ಬೇಡಿ ಸಾ."

ಆಗಲಿ ಎಂದೆ. ಆಗಲಿ ಎನ್ನುವುದು ಸುಲಭ.

ಆಚಾರ್ರು ಮೆಷಿನ್ ಒರೆಸಿಟ್ಟು ಕಾಯುತ್ತಿದ್ದರು. ನಾನು ಬಲ್ಲವನಂತೆ ಅದನ್ನೊಮ್ಮೆ ಸುತ್ತುಹಾಕಿ, ಓಡಿಸಿ ನೋಡುವುದೇನೂ ಬೇಡ, ನಿಮ್ಮ ಮೇಲೆ ನಂಬಿಕೆಯಿದೆ ಎಂದೆ. ಹಳೇ ಮೆಷಿನ್ ಕೊಳ್ಳಲು ಬಂದವನು ಹಾಗೆ ಹೇಳಿದ್ದನ್ನು ಅವರು ಎಂದೂ ಕೇಳಿರಲಾರರು. ಅವರ ಮುಖ ಬಿಗಿಯಿತು.

"ಓಡ್ಸಿ ತೋರುಸ್ದೆ ನಾನು ಮಾರಾಕಿಲ್ಲ ಸಾ. ನಾಳೆ ಕೆಟ್ರೆ ಓಗೋದು ನನ್ನ ಎಸ್ರು."

ಹಾಗಾದರೆ ಹಲಗೆ ನಾನು ಹಿಡಿಯುತ್ತೇನೆ ಎಂದೆ. ಅವರು ಕೇಳಿಸದವರಂತೆ ಗೋಡೆಯ ಸ್ವಿಚ್ ಹಾಕಿ, ತೇಗದ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟಿಯ ಮುಂದೆ ನಿಂತರು. ಎಡಗೈ ಮೆಲ್ಲಗೆ ನಡುಗತೊಡಗಿತು. ಹಲಗೆ ಪಟ್ಟಿಗೆ ತಗುಲಿ ಟಕಟಕ ಬಡಿಯಿತು. ಅವರ ಹೆಬ್ಬೆರಳಿಗೂ ಪಟ್ಟಿಗೂ ನಡುವೆ ಅಕ್ಕಿಕಾಳಿನಷ್ಟು ಜಾಗ. ಕೂಗಿದರೆ ಬೆಚ್ಚುತ್ತಾರೆ, ಮುಟ್ಟಿದರೆ ಕೈ ಜಾರುತ್ತದೆ. ಬಾಗಿಲಲ್ಲಿ ಪುಟ್ಟಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದರು, ಗಂಡನನ್ನಲ್ಲ, ನನ್ನನ್ನು. ಸ್ವಿಚ್ಚಿನ ಕಡೆ ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟರಲ್ಲಿ ಪಟ್ಟಿ ಹಲಗೆಯನ್ನು ಕಿತ್ತುಕೊಂಡು ಗೋಡೆಗೆ ಎಸೆಯಿತು. ಸ್ವಿಚ್ ಆರಿಸಿದೆ.

ಆಚಾರ್ರು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. ಎಲ್ಲವೂ ಇದ್ದವು. ಪಟ್ಟಿ ನಿಧಾನವಾಗುತ್ತಾ ಬಂದು ಪೂರ್ತಿ ನಿಂತಿತು.

"ಪಟ್ಟಿ ನೆಟ್ಟಗೆ ಓಡ್ತು, ನೋಡುದ್ರಲ್ಲಾ?" ಎಂದರು ಕೊನೆಗೆ. "ಮೆಷಿನ್ದೇನೂ ತಪ್ಪಿಲ್ಲ."

ಇಲ್ಲ, ಮೆಷಿನ್ನಿನದೇನೂ ತಪ್ಪಿಲ್ಲ ಎಂದೆ ನಾನೂ. ಗೋಡೆಯ ಬುಡದಲ್ಲಿ ಬಿದ್ದಿದ್ದ ತೇಗದ ತುಂಡನ್ನು ಎತ್ತಿ ಪಕ್ಕಕ್ಕಿಟ್ಟೆ. ಪುಟ್ಟಮ್ಮ ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದರು.

ಮೆಷಿನ್ ಗೂಡ್ಸ್ ಆಟೋದಲ್ಲಿ ಹುಣಸೂರಿಗೆ ಬಂತು. ನನ್ನ ಮೊದಲ ಹಲಗೆಯ ಅಂಚಿನ ನಡುವೆ ಹಳ್ಳ ಬಿತ್ತು. ಎರಡನೆಯದಕ್ಕೂ ಬಿತ್ತು. ಮೂರು ದಿನ ಸಂಕೋಚಪಟ್ಟು ನಾಲ್ಕನೆಯ ದಿನ ಆಚಾರ್ರಿಗೆ ಫೋನ್ ಮಾಡಿದೆ. ಫೋನನ್ನು ಮೆಷಿನ್ ಪಕ್ಕ ಇಟ್ಟು ಪಟ್ಟಿಗೆ ಹಲಗೆ ಕೊಡಿ ಎಂದರು. ಕೊಟ್ಟು, ಆರಿಸಿ, ಫೋನ್ ಕಿವಿಗಿಟ್ಟುಕೊಂಡೆ.

"ಒತ್ತೀರಿ ಸಾ ನೀವು. ಒತ್ಬೇಡಿ. ಸುಮ್ನೆ ತೋರ್ಸಿ, ಬೇಕಾದಷ್ಟು ಅದೇ ತಕತದೆ."

ಹಲಗೆ ನೋಡದೆ, ಇಪ್ಪತ್ತು ಮೈಲಿ ಆಚೆಯಿಂದ, ಬರೀ ಸದ್ದು ಕೇಳಿ. ಡಾಕ್ಟರು ಮುಟ್ಟಬೇಡಿ ಅಂದಿದ್ದು ಕೈಗೆ ಮಾತ್ರ. ಕಿವಿಗೆ ಯಾರೂ ಏನೂ ಅಂದಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಅವರದೇ ಫೋನ್ ಬರುತ್ತದೆ. ನಾನು ಮೆಷಿನ್ ಹಾಕಿ ಹಲಗೆ ತೋರಿಸುತ್ತೇನೆ, ಆಮೇಲೆ ಫೋನ್ ಎತ್ತಿಕೊಂಡು ಕಾಯುತ್ತೇನೆ. ಅವರು ತಪ್ಪೇನೂ ಹೇಳದೆ ತಿಂಡಿ ಆಯ್ತಾ ಎಂದು ಕೇಳಿದರೆ, ಅಂಚು ನೇರ ಬಂದಿದೆ ಎಂದರ್ಥ. ಇಲ್ಲಿಯವರೆಗೆ ಎರಡು ಸಲ ಕೇಳಿದ್ದಾರೆ.