ಸೋಡಾ ಅಕ್ಕನ ಬೆಂಚು

ಹೋದ ತಿಂಗಳು ಪಣಜಿಯಲ್ಲಿ ತಂಗಿಯ ಮಗಳು ತನ್ನ ಓಣಿಯಲ್ಲೇ ಇರುವ ಪುಟ್ಟ ಕಾಕ್‌ಟೇಲ್ ಬಾರಿಗೆ ನನ್ನನ್ನು ಕರೆದುಕೊಂಡು ಹೋದಳು. "ದೊಡ್ಡಮ್ಮ, ಸುಮ್ನೆ ಕೂತು ನೋಡು, ಯಾರೂ ನಿನ್ನ ಬಾಯಿಗೆ ಹುಯ್ಯೋದಿಲ್ಲ" ಎಂದಳು. ಕೌಂಟರ್ ಹಿಂದೆ ನಿಂತಿದ್ದವಳು ಒಬ್ಬ ಹುಡುಗಿ. "ನೋ ಆಲ್ಕೋಹಾಲ್, ಮೈ ಚೈಲ್ಡ್" ಎಂದೆ. ಅವಳು ನಕ್ಕು ಸಣ್ಣದೊಂದು ಶೀಶೆಯ ಮುಚ್ಚಳ ತೆಗೆದಳು. ಸುಗಂಧಿ ಬೇರಿನ ವಾಸನೆ! "ಇದು ನನ್ನಾರಿ, ಮ್ಯಾಮ್" ಎಂದು ಅವಳು ವಿವರಿಸುವಷ್ಟರಲ್ಲಿ ನಾನು ಕೊಟ್ಟೂರಿನಲ್ಲಿದ್ದೆ...

ತೊಂಬತ್ತರ ದಶಕ. ನಾನಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಡಂ. ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಗೋಲಿ ಸೋಡಾದ ಒಂದು ಅಂಗಡಿ ಇತ್ತು. ಗಂಡ ತೀರಿಕೊಂಡ ಮೇಲೆ ಅವನ ಸೋಡಾ ಮಿಷನ್ನನ್ನು ಹೆಂಡತಿಯೇ ತಿರುಗಿಸುತ್ತಿದ್ದಳು. ಊರಿಗೆಲ್ಲ ಅವಳು ಸೋಡಾ ಅಕ್ಕ. ಗಿರಾಕಿಯನ್ನು ಏನು ಬೇಕೆಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ಮುಖ ನೋಡುವಳು, ಬೆರೆಸುವಳು. ಬಿಸಿಲಲ್ಲಿ ಬಂದವರಿಗೆ ಲಿಂಬೆ, ಉಪ್ಪು. ಊಟ ಹೆಚ್ಚಾದವರಿಗೆ ಜೀರಿಗೆ. ಮನೆಯಲ್ಲಿ ಜಗಳ ಆಡಿ ಬಂದವರಿಗೆ ಸುಗಂಧಿ ಶರಬತ್ತು, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. ಆಮೇಲೆ ಹೆಬ್ಬೆರಳಿನಿಂದ ಗೋಲಿ ಒತ್ತಿ, ಟುಸ್ಸೆಂದು ಸೋಡಾ ಸುರಿಯುವಳು. ಇವತ್ತು ಇದಕ್ಕೆ ಮಿಕ್ಸಾಲಜಿ ಅನ್ನುತ್ತಾರಂತೆ. ಹೌ ಗ್ರ್ಯಾಂಡ್!

ಆದರೆ ಆ ಅಂಗಡಿಯಲ್ಲಿ ಹೆಣ್ಣುಮಕ್ಕಳು ಕೂರುವ ಹಾಗಿರಲಿಲ್ಲ. ಬೆಂಚಿನ ಮೇಲೆ ಗಂಡಸರು. ನಮಗೆ ಪಕ್ಕದ ಸಂದಿಯಲ್ಲಿ ಒಂದು ಕಿಟಕಿ. ಬಾಟಲಿ ಅಂಗಡಿ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಹೆಚ್ಚಿನವರು ತಂಬಿಗೆಯಲ್ಲಿ ಬೆರೆಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಇದಕ್ಕೆಲ್ಲ ಕಾರಣ ಒಂದೇ: ತೇಗು. ಸೋಡಾ ಕುಡಿದರೆ ತೇಗು ಬರಲೇಬೇಕು, ಮನೆತನಸ್ಥ ಹೆಂಗಸು ನಾಲ್ಕು ಜನ ಗಂಡಸರ ಮುಂದೆ ತೇಗಲೇಬಾರದು. ಬಳ್ಳಾರಿಯಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳೂ ಅದನ್ನೇ ಹೇಳಿಕೊಟ್ಟಿದ್ದರು, "ಅ ಲೇಡಿ ನೆವರ್ ಬರ್ಪ್ಸ್." ಬಳ್ಳಾರಿಯ ಸಿಸ್ಟರ್‌ಗಳೂ ಕೊಟ್ಟೂರಿನ ಅಡತಿ ಅಂಗಡಿಯವರೂ ಒಮ್ಮತಕ್ಕೆ ಬಂದ ಸಂಗತಿ ಬಹುಶಃ ಅದೊಂದೇ.

ಒಂದು ಬೇಸಿಗೆಯಲ್ಲಿ ಸೋಡಾ ಅಕ್ಕ ಬಡಗಿಯನ್ನು ಕರೆಸಿ ಒಳಗೆ ಇನ್ನೊಂದು ಬೆಂಚು ಮಾಡಿಸಿ ಹಾಕಿದಳು. "ಇದು ಹೆಣ್ಮಕ್ಕಳದು" ಎಂದು ಎಲ್ಲರಿಗೂ ಹೇಳಿದಳು. ಅಂಗಡಿಯ ಜಾಗ ಒಬ್ಬ ಸಾಹುಕಾರರದು, ಅವರೇ ಅವಳ ದಿನದ ಗಿರಾಕಿ ಕೂಡ. ಅವರು ಸಿಟ್ಟಾದರು.

"ಇದೇನು ಸೋಡಾ ಅಂಗಡ್ಯೋ, ಹೆಂಗಸರ ಕಟ್ಟಿಯೋ? ಬರೋ ಸಂತಿ ಮಟ ನೋಡ್ತೀನಿ. ಬೆಂಚರ ತೆಗಿ, ಇಲ್ಲಾ ಅಂಗಡಿಯರ ಬಿಡು."

"ಕೂತ್ರ ಏನ್ ಮುಳುಗತೈತ್ರಿ ಸಾವ್ಕಾರ?"

"ತೇಗ್ತಾರವಾ, ತೇಗ್ತಾರ!"

ಅಷ್ಟು ಹೇಳಿ ಹೋದರು. ಆ ಮಿಷನ್ ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬೇರೆ ಜಾಗವೂ ಸಿಗುವಂತಿರಲಿಲ್ಲ. ಆದರೂ ಬೆಂಚು ತೆಗೆಯಲಿಲ್ಲ. ಕಷ್ಟವೆಂದರೆ, ಆ ಬೆಂಚಿನ ಮೇಲೆ ಒಬ್ಬ ಹೆಂಗಸೂ ಬಂದು ಕೂರಲಿಲ್ಲ. ಎಲ್ಲರೂ ಬಾಗಿಲ ತನಕ ಬಂದು, ಒಳಗೆ ಇಣುಕಿ, ಮತ್ತೆ ಕಿಟಕಿಗೇ ಹೋಗುತ್ತಿದ್ದರು.

ಸಂತೆಯ ದಿನ ನಾನೇ ಹೋಗಿ ಕೂತೆ. ಎದುರಿಗೆ ಸಾಹುಕಾರರು, ಬೆಂಚು ಎತ್ತಿಸಲು ಇಬ್ಬರು ಹಮಾಲರನ್ನು ಕರೆದುಕೊಂಡೇ ಬಂದಿದ್ದರು. ನಾನು ಗಟಗಟ ಕುಡಿದೆ, ಹ್ಯಾಂಕಿಯಿಂದ ಬಾಯಿ ಮುಚ್ಚಿಕೊಂಡೆ, ಕಣ್ಣಲ್ಲಿ ನೀರು ಬಂತು, ತೇಗು ಮಾತ್ರ ಬಿಡಲಿಲ್ಲ. ಸೋಡಾ ಅಕ್ಕ ಬಗ್ಗಿ ಪಿಸುಗುಟ್ಟಿದಳು, "ಬಿಟ್ಟಬಿಡ್ರಿ ಮೇಡಂ. ತಡಕೊಂಡ್ರ ನನ್ನ ಸೋಡಾಕ್ಕ ಅವಮಾನ ಅಲ್ಲನ್ರಿ?"

ಅಷ್ಟರಲ್ಲಿ ಉಜ್ಜಿನಿಯ ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಸಾಹುಕಾರರ ತಾಯಿಯೂ ಒಬ್ಬರು. ಅಮಾವಾಸ್ಯೆಗೆ ಮಠದಲ್ಲಿ ಉಂಡು ಬಂದ ಮುದುಕಿ, ಕೈಲಿ ಬುತ್ತಿ ಗಂಟು. ಅವರಿಗೆ ಈ ಬೆಂಚಿನ ರಾಮಾಯಣ ಏನೂ ಗೊತ್ತಿರಲಿಲ್ಲ. ನೆಟ್ಟಗೆ ಒಳಗೆ ಬಂದು ನನ್ನ ಪಕ್ಕದಲ್ಲಿ ಧೊಪ್ಪೆಂದು ಕೂತರು.

"ಹೊಟ್ಟಿ ಕಲ್ಲಾಗೈತಿ ನಮ್ಮವ್ವಾ, ಏನರ ಹಾಕು."

ಸೋಡಾ ಅಕ್ಕ ಮುಖ ನೋಡಿದಳು. ಜೀರಿಗೆ, ಕರಿಉಪ್ಪು, ಒಂದಿಷ್ಟು ಸುಗಂಧಿ, ಮೇಲೆ ಸೋಡಾ. ಸಾಹುಕಾರರು "ಯವ್ವಾ, ಮನಿಗೆ ಕಳಸ್ತೀನಿ, ನಡಿ" ಎನ್ನುತ್ತಿದ್ದಂತೆಯೇ ಅಜ್ಜಿ ಲೋಟ ಎತ್ತಿ ಒಂದೇ ಉಸಿರಿಗೆ ಇಳಿಸಿದರು.

ಎಲ್ಲರ ಕಣ್ಣೂ ಅಜ್ಜಿಯ ಮೇಲೆ.

ಆಮೇಲೆ ಬಂತು ನೋಡಿ. ಅಂಥ ತೇಗು ನಾನು ಜನ್ಮದಲ್ಲಿ ಕೇಳಿಲ್ಲ. ಉದ್ದ, ಗಂಭೀರ, ಶಂಖ ಊದಿದ ಹಾಗೆ. ಹೊರಗೆ ಬಸ್ಸಿನ ಕಂಡಕ್ಟರ್ ಕೂಡ ತಿರುಗಿ ನೋಡಿದ. "ಶಿವಾ..." ಎಂದು ಅಜ್ಜಿ ಹಗುರಾಗಿ, ಮಗನ ಕಡೆ ಹೊರಳಿದರು.

"ಏನಲೇ, ಇಷ್ಟ್ ವರ್ಷ ತಂಬಿಗ್ಯಾಗ ಸಪ್ಪನ್ನ ನೀರು ತಂದು ಕುಡಿಸಿ, ಸೋಡಾ ಅಂದ್ಯಲ್ಲಾ? ಜೀವ ಎಲ್ಲಾ ದಾರ್‍ಯಾಗ ಹಾರಿಹೋಗಿತ್ತು! ನೀನು ಇಲ್ಲಿ ಕುಂತು ಅಸಲಿದು ಕುಡೀತಿದ್ದಿ ಹೌದಿಲ್ಲೋ?... ಇನ್ನೊಂದು ಹಾಕವಾ."

ನನಗೆ ನಗು ತಡೆಯಲಾಗಲಿಲ್ಲ, ನಗುವಿನ ಜೊತೆ ತಡೆದಿಟ್ಟ ತೇಗೂ ಹಾರಿಹೋಯಿತು. ಹಮಾಲರು ನಕ್ಕರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಂತೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ನಕ್ಕವರು ಒಳಗೇ ಬಂದರು. ನೀನು ಆಚೆ ಸರಿ, ನೀನು ಈಚೆ ಸರಿ ಎಂದು ಬೆಂಚು ತುಂಬಿತು, ಗಂಡಸರ ಬೆಂಚೂ ತುಂಬಿತು. ಸಾಹುಕಾರರಿಗೆ ಕೂರಲು ಜಾಗವೇ ಇಲ್ಲ. ಪಾಪ, ಬಾಯಾರಿತ್ತೋ ಏನೋ, ಸಂದಿಗೆ ಹೋಗಿ ನಮ್ಮ ಕಿಟಕಿಯಲ್ಲಿ ನಿಂತು ಕೈ ಚಾಚಿದರು. ಸೋಡಾ ಅಕ್ಕ ಗೋಲಿ ಒತ್ತಿದ್ದು ಆವತ್ತು ಪಟಾಕಿಯ ಹಾಗೆ ಕೇಳಿಸಿತು. "ತಗೋರಿ ಸಾವ್ಕಾರ, ತಣ್ಣಗಾಗ್ರಿ" ಎಂದಳು. ಬೆಂಚಿನ ಮಾತು ಮತ್ತೆ ಅವರು ಎತ್ತಲಿಲ್ಲ.

ಆಮೇಲೆ ನಾನು ಹೊಸಪೇಟೆಗೆ ಬಂದೆ. ಪ್ಲಾಸ್ಟಿಕ್ ಬಾಟಲಿಗಳು ಬಂದವು, ಗೋಲಿಗಳು ಮಕ್ಕಳ ಕೈ ಸೇರಿದವು... ಸೋಡಾ ಅಕ್ಕ ಹೋದ ಸುದ್ದಿ ನನಗೆ ಮುಟ್ಟಿದ್ದು ಬಹಳ ತಡವಾಗಿ. ಕೊನೆಯ ಸಲ ಮುಖ ನೋಡಲಿಲ್ಲ. ಈಗಲ್ಲಿ ಮೊಬೈಲ್ ಅಂಗಡಿ ಇದೆಯಂತೆ.

"ಹೌ ಈಸ್ ಇಟ್, ಮ್ಯಾಮ್?" ಎಂದಳು ಪಣಜಿಯ ಹುಡುಗಿ. ನನ್ನಾರಿಗೆ ಸೋಡಾ ಬೆರೆಸಿ ಅವಳು ಕೊಟ್ಟಿದ್ದ ಲೋಟ ಖಾಲಿಯಾಗಿತ್ತು. ಅಕ್ಕಪಕ್ಕ ಶ್ರೀಮಂತರ ಪಿಸುಮಾತು. ಹ್ಯಾಂಕಿ ಮಡಿಲಲ್ಲೇ ಇತ್ತು, ನಾನು ಅದನ್ನು ಎತ್ತಲಿಲ್ಲ.

"ದೊಡ್ಡಮ್ಮಾ!" ಎಂದು ತಂಗಿಯ ಮಗಳು ಮುಖ ಮುಚ್ಚಿಕೊಂಡಳು. ಆ ಹುಡುಗಿ ಮಾತ್ರ, ಥೇಟ್ ಸೋಡಾ ಅಕ್ಕನ ಹಾಗೆ, ಬೀಗುತ್ತಾ ನಿಂತಿದ್ದಳು.