ಅಬೆನಾಳ ‘ನಾನಾ’, ನನ್ನ ‘ನಾನಾ’

ದುಬೈನ ಸತ್ವಾದಲ್ಲಿ ನಾವು ಬಾಡಿಗೆಗಿದ್ದ ವಿಲ್ಲಾದಿಂದ ಅಬೆನಾಳನ್ನು ಹೊರಗೆ ಹಾಕಿಸಿದವಳು ನಾನು. ಆರು ವರ್ಷವಾಯಿತು, ಯಾರಿಗೂ ಹೇಳಿಲ್ಲ — ಅವಳಿಗಂತೂ ಇಲ್ಲವೇ ಇಲ್ಲ.

ಅವಳು ಘಾನಾದವಳು, ನಾನು ಮೂಲ್ಕಿ ಕಡೆಯವಳು. ಒಂದೇ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ, ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ನನಗೆ ಜ್ವರ ಬಂದಾಗ ತನ್ನ ರಜೆ ಹಾಳುಮಾಡಿಕೊಂಡು ಗಂಜಿ ಬೇಯಿಸಿದವಳು ಅವಳು. ಗಂಜಿಯೋ ಅಂಟೋ ದೇವರೇ ಬಲ್ಲ, ಆದರೆ ತಲೆ ಹಿಡಿದು ಕುಡಿಸಿದ್ದಳು.

ದಿನಾ ಬೆಳಿಗ್ಗೆ ಗೇಟಿನ ಪಕ್ಕದ ಮರಳಿನ ಮೇಲೆ ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಸುರಿಯುತ್ತ ತನ್ನ ತೀರಿಹೋದ ಹಿರಿಯರನ್ನು ಕರೆಯುತ್ತಿದ್ದಳು: “ನಾನಾ... ನಾನಾ...” ಅವರ ಭಾಷೆಯಲ್ಲಿ ಅಜ್ಜ, ಅಜ್ಜಿ, ಹಿರಿಯರು ಎಲ್ಲ ‘ನಾನಾ’. ನನಗೆ ಒಳಗೊಳಗೇ ನಗು. ಕನ್ನಡದಲ್ಲಿ ಅದಕ್ಕೇನರ್ಥ ಎಂದು ಅವಳಿಗೆ ಹೇಳಲೇ ಇಲ್ಲ.

ಊರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದ ವಾರ, ಆ ಹೆಸರುಗಳ ನಡುವೆ ಇನ್ನೊಂದು ಕೇಳಿಸಿತು — ‘ಲೀಲಾ’. ನನ್ನ ಅಮ್ಮನ ಹೆಸರು! ಸತ್ತವರ ಸಾಲಿನಲ್ಲಿ! ಮೂರನೆಯ ದಿನ ಅಮ್ಮ ತೀರಿಕೊಂಡಳು. ರಜೆ ಸಿಗಲಿಲ್ಲ, ಮುಖ ನೋಡಲಾಗಲಿಲ್ಲ. ಆ ಸಂಕಟದಲ್ಲಿ ಯಾರನ್ನಾದರೂ ದೂರಬೇಕಿತ್ತು... ವಿಲ್ಲಾ ನೋಡಿಕೊಳ್ಳುತ್ತಿದ್ದ ಶಾಂತಕ್ಕನ ಹತ್ತಿರ ಹೋದೆ.

“ಅಕ್ಕಾ, ಅವಳು ಮಾಟ ಮಾಡುದು. ನಾನೇ ಕಂಡದ್ದು.”

ಈ ದೇಶದಲ್ಲಿ ಮಾಟವೆಂದರೆ ಜೈಲು. “ಅಯ್ಯೋ ದೇವರೇ, ಪೊಲೀಸರು ಬಂದ್ರೆ ನಾವೆಲ್ಲ ಒಳಗೆ!” ಎಂದ ಶಾಂತಕ್ಕ ಅಬೆನಾಳ ಎದುರು ನಿಂತು, ಅಲ್ಲಿ ಎಲ್ಲರೂ ಆಡುವ ಮುರುಕು ಹಿಂದಿಯಲ್ಲಿ, “ಖಲಾಸ್! ಆಜ್ ಹೀ ಜಾನಾ” ಎಂದಳು — ಮುಗಿಯಿತು, ಇವತ್ತೇ ಹೊರಡು.

ಪೆಟ್ಟಿಗೆ ತುಂಬುತ್ತ ಅಬೆನಾ ನನ್ನನ್ನು ಕೇಳಿದಳು: “ಸುಮತಿ, ತೂ ಬೋಲಾ?” — ಹೇಳಿದ್ದು ನೀನಾ?

ಗಾಬರಿಯಲ್ಲಿ ಬಾಯಿಂದ ಕನ್ನಡವೇ ಬಂತು — “ನಾನಾ?”

ಅವಳ ಮುಖ ಅರಳಿತು. ನಾನು ಅವಳ ಹಿರಿಯರ ಮೇಲೆ ಆಣೆ ಇಟ್ಟೆ ಎಂದುಕೊಂಡಳು! ಅನುಮಾನಪಟ್ಟದ್ದಕ್ಕೆ ನನ್ನ ಕೈ ಹಿಡಿದು ಕ್ಷಮೆ ಕೇಳಿದಳು. ನಾನು ತಿದ್ದಲಿಲ್ಲ... ಪೆಟ್ಟಿಗೆ ಮುಚ್ಚಿಕೊಟ್ಟೆ.

ಮರುವರ್ಷ ನಾನು ರಜೆಯಲ್ಲಿ ಹೋದಾಗ ಊರಿನಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸಿದೆವು. ಕೋಳಿ ಸುಕ್ಕ, ರೊಟ್ಟಿ, ಪಕ್ಕದಲ್ಲಿ ನೀರು. ದೊಡ್ಡಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಕೊನೆಗೆ, “ದುಬೈಲಿ ಒಬ್ಬಳೇ ಇರುವ ಸುಮತಿಯನ್ನು ನೋಡಿಕೊಳ್ಳಿ” ಎಂದಳು. ಬದುಕಿರುವ ನನ್ನ ಹೆಸರು, ಸತ್ತವರ ಕಿವಿಗೆ. ಅಬೆನಾ ಅಮ್ಮನಿಗಾಗಿ ಬೇಡಿದ್ದೂ ಇದನ್ನೇ ಅಲ್ಲವೇ? ಹುಟ್ಟಿದಂದಿನಿಂದ ಈ ಬಳಕೆ ಕಂಡವಳು ನಾನು, ನನಗೇ ತಿಳಿಯಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಧೈರ್ಯ ಬರಲಿಲ್ಲ. ಅವಳು ದುಬೈನಲ್ಲೇ, ಜೆಬೆಲ್ ಅಲಿಯ ಕಾರ್ಮಿಕರ ಕ್ಯಾಂಪಿನಲ್ಲಿದ್ದಾಳೆ. ಈಗಲೂ ವಾಯ್ಸ್ ಮೆಸೇಜ್ ಕಳಿಸುತ್ತಾಳೆ: “ಸುಮತಿ, ತೇರಾ ಮಮ್ಮಿ ಕೋ ಪಾನಿ ದಿಯಾ.” ನನ್ನಿಂದ ಹಾಳಾದವಳು ನನ್ನ ಅಮ್ಮನಿಗೆ ನೀರು ಕೊಡುತ್ತಿದ್ದಾಳೆ.

ಈ ಭಾನುವಾರ ಬಸ್ಸು ಹಿಡಿದು ಹೋಗುತ್ತೇನೆ. ಅವಳು ಮತ್ತೆ ಕೇಳುವುದಿಲ್ಲ, ನಂಬಿದ್ದಾಳೆ. ಕೇಳದಿದ್ದರೂ ಹೇಳುತ್ತೇನೆ: ಅದು ಆಣೆಯಾಗಿರಲಿಲ್ಲ ಅಬೆನಾ, ನಮ್ಮ ಭಾಷೆಯ ಒಂದು ಸುಳ್ಳು ಪ್ರಶ್ನೆ. ಅದರ ಉತ್ತರ — ನಾನೇ.